ಏರ್ ಸಸ್ಪೆನ್ಷನ್: ಕಾರು ಇಟ್ಟುಕೊಂಡವರು ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ನೆಟ್ಟಗೆ ನಿಂತಿದ್ದ ಕಾರು ಬೆಳಿಗ್ಗೆ ಒಂದು ಮೂಲೆಗೆ ಕುಸಿದು ಕೂತಿದ್ದರೆ ಎಲ್ಲರೂ ಮೊದಲು ಬೆರಳು ತೋರಿಸುವುದು ಗಾಳಿ ತುಂಬುವ ಕಂಪ್ರೆಸರ್ ಕಡೆಗೆ. ಬಹಳ ಸಲ ಕಂಪ್ರೆಸರ್ ತಪ್ಪು ಮಾಡಿರುವುದಿಲ್ಲ, ಬೇರೆಯದರ ತಪ್ಪಿಗೆ ದುಡಿದು ಸಾಯುತ್ತಿರುತ್ತದೆ. ಕೆಳಗಿನ ಉತ್ತರಗಳಲ್ಲಿ ಈ ಮಾತು ಒಂದೆರಡು ಕಡೆ ಮತ್ತೆ ಬರುತ್ತದೆ. ಗ್ಯಾರೇಜಿನಲ್ಲಿ ದೊಡ್ಡ ಮೊತ್ತ ವ್ಯರ್ಥವಾಗುವುದು ಇದೊಂದು ವಿಷಯ ತಿಳಿಯದೆ.

ಏರ್ ಸಸ್ಪೆನ್ಷನ್ ಅಂದರೆ ಏನು? ಮಾಮೂಲಿ ಕಾರಿಗೂ ಇದಕ್ಕೂ ಏನು ವ್ಯತ್ಯಾಸ?

ಮಾಮೂಲಿ ಕಾರಿನಲ್ಲಿ ಬಾಡಿಯ ಭಾರ ಹೊರುವುದು ಉಕ್ಕಿನ ಸುರುಳಿ ಸ್ಪ್ರಿಂಗ್. ಹಳೆಯ ಜೀಪು, ಲಾರಿಗಳಲ್ಲಿ ಆ ಕೆಲಸ ಕಮಾನು ಪಟ್ಟಿಯದು. ಏರ್ ಸಸ್ಪೆನ್ಷನ್‌ನಲ್ಲಿ ಉಕ್ಕಿನ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇರುತ್ತದೆ. ಗ್ಯಾರೇಜಿನಲ್ಲಿ ಇದನ್ನು ಬೆಲ್ಲೋ, ಏರ್‌ಬ್ಯಾಗ್, ಏರ್ ಸ್ಪ್ರಿಂಗ್ ಅಂತೆಲ್ಲ ಕರೆಯುತ್ತಾರೆ. ಏರ್‌ಬ್ಯಾಗ್ ಅಂದರೆ ಸ್ಟೇರಿಂಗ್ ಒಳಗಿನ ಸುರಕ್ಷತೆಯ ಚೀಲ ಎಂದು ಗೊಂದಲವಾಗುತ್ತದೆ. ಹಾಗಾಗಿ ಬಿಡಿಭಾಗ ಆರ್ಡರ್ ಮಾಡುವಾಗ ಏರ್ ಸ್ಪ್ರಿಂಗ್ ಎಂದೇ ಹೇಳಿ.

ಗಾಳಿ ಸ್ಪ್ರಿಂಗ್ ಬಂದ ಮಾತ್ರಕ್ಕೆ ಶಾಕ್ ಅಬ್ಸಾರ್ಬರ್ ಹೋಗುವುದಿಲ್ಲ. ಭಾರ ಹೊರುವುದು ಗಾಳಿ, ಕುಣಿತ ನಿಲ್ಲಿಸುವುದು ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. ಎಷ್ಟೋ ಕಾರುಗಳಲ್ಲಿ, ಅದರಲ್ಲೂ ಮುಂದಿನ ಚಕ್ರಗಳಲ್ಲಿ, ಎರಡೂ ಸೇರಿ ಒಂದೇ ಸ್ಟ್ರಟ್ ಆಗಿರುತ್ತವೆ. ಆಗ ರಬ್ಬರ್ ಸೀಳಿದರೂ ಶಾಕ್ ಸೋರಿದರೂ ಇಡೀ ಸ್ಟ್ರಟ್ ಬದಲಿಸುವ ಮಾತು ಬರುತ್ತದೆ.

ಬರೀ ಗಾಳಿ ಎರಡು ಟನ್ ಕಾರನ್ನು ಹೇಗೆ ಹೊರುತ್ತದೆ?

ಒತ್ತಡವನ್ನು ವಿಸ್ತೀರ್ಣದಿಂದ ಗುಣಿಸಿದರೆ ಬಲ ಸಿಗುತ್ತದೆ, ಲೆಕ್ಕ ಇಷ್ಟೇ. ಒಂದು ಚಕ್ರದ ಮೇಲೆ 450 ಕೆ.ಜಿ. ಭಾರ ಇದೆ, ಏರ್ ಸ್ಪ್ರಿಂಗ್‌ನ ಪರಿಣಾಮಕಾರಿ ವ್ಯಾಸ 90 ಮಿ.ಮೀ. ಎಂದಿಟ್ಟುಕೊಳ್ಳಿ. ವಿಸ್ತೀರ್ಣ ಸುಮಾರು 63.6 ಚದರ ಸೆಂ.ಮೀ. ಆಯಿತು. 450 ಕೆ.ಜಿ. ಹೊರಲು ಒಳಗೆ ಸುಮಾರು 6.9 ಬಾರ್, ಅಂದರೆ 100 ಪಿಎಸ್ಐ ಒತ್ತಡ ಸಾಕು. ಕಾರಿನ ಟೈರಿಗೆ ನಾವು ಹಾಕಿಸುವುದು 32–35 ಪಿಎಸ್ಐ. ಅದರ ಮೂರು ಪಟ್ಟು ಅಷ್ಟೆ. ಕಾರಿನ ತೂಕ, ಸ್ಪ್ರಿಂಗ್‌ನ ಗಾತ್ರ ನೋಡಿಕೊಂಡು ಚೀಲದ ಒತ್ತಡ ಸಾಮಾನ್ಯವಾಗಿ 5ರಿಂದ 10 ಬಾರ್ ನಡುವೆ ಇರುತ್ತದೆ. ಗಾಳಿ ಕೂಡಿಡುವ ಟ್ಯಾಂಕ್‌ನಲ್ಲಿ 15 ಬಾರ್ ಆಸುಪಾಸು, ಕೆಲವದರಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಐದು ಜನ ಕೂತರೂ, ಡಿಕ್ಕಿ ತುಂಬಿದರೂ ಸವಾರಿ ಒಂದೇ ತರಹ ಇರುತ್ತದೆ ಅಂತಾರೆ. ನಿಜವೇ?

ನಿಜ. ಏರ್ ಸಸ್ಪೆನ್ಷನ್‌ಗೆ ಇಷ್ಟೆಲ್ಲ ಖರ್ಚು ಮಾಡುವುದಕ್ಕೆ ದೊಡ್ಡ ಕಾರಣವೇ ಇದು. ಮೇಲೆ ಹೇಳಿದ ಸ್ಪ್ರಿಂಗ್‌ನಲ್ಲಿ 2 ಲೀಟರ್ ಗಾಳಿ ಇದ್ದರೆ ಅದರ ಬಿಗಿ, ಅಂದರೆ ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲ, ಸುಮಾರು 21 ನ್ಯೂಟನ್, ಬಾಡಿ ಮೇಲೆ ಕೆಳಗೆ ತೂಗುವ ವೇಗ ಸೆಕೆಂಡಿಗೆ 1.08 ಸಲ. ಅಷ್ಟೇ ಬಿಗಿಯ ಉಕ್ಕಿನ ಸ್ಪ್ರಿಂಗ್ ಮೇಲೆ ಇನ್ನೂ 100 ಕೆ.ಜಿ. ಹೇರಿದರೆ ಆ ಮೂಲೆ 47 ಮಿ.ಮೀ. ಕೆಳಗಿಳಿಯುತ್ತದೆ, ತೂಗುವ ವೇಗ 0.98ಕ್ಕೆ ಇಳಿದು ಕಾರು ಓಲಾಡುತ್ತದೆ. ಏರ್ ಸ್ಪ್ರಿಂಗ್ ಆದರೆ ಎತ್ತರ ಉಳಿಸಿಕೊಳ್ಳಲು ಒತ್ತಡ 8.5 ಬಾರ್‌ಗೆ ಏರುತ್ತದೆ. ಒತ್ತಡ ಏರಿದ ಹಾಗೆ ಬಿಗಿಯೂ ಏರುವುದರಿಂದ ತೂಗುವ ವೇಗ 1.07ರಲ್ಲೇ ನಿಲ್ಲುತ್ತದೆ. ಡ್ರೈವರ್‌ಗೆ ಕಾರು ಖಾಲಿಯೋ ತುಂಬಿದೆಯೋ ಗೊತ್ತಾಗದಿರುವುದು ಇದರಿಂದಲೇ. ಹಿಂದೆ ಭಾರ ಬಿದ್ದಾಗ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುವುದೂ ತಪ್ಪುತ್ತದೆ.

ಒಳಗೆ ಏನೇನು ಭಾಗಗಳಿರುತ್ತವೆ?

ಸ್ಪ್ರಿಂಗ್ ಎಂದರೆ ದಾರದ ಹೆಣಿಗೆ ಇರುವ ತೆಳು ರಬ್ಬರ್ ತೋಳು. ಅದು ಕೆಳಗಿನ ಪಿಸ್ಟನ್ ಮೇಲೆ ಕಾಲುಚೀಲ ಮಡಚಿದಂತೆ ಒಳಮುಖವಾಗಿ ಮಡಚಿಕೊಂಡು ಮೇಲೆ ಕೆಳಗೆ ಉರುಳುತ್ತದೆ. ಆ ಮಡಿಕೆ ನೆನಪಿರಲಿ, ಮುಂದೆ ಸೋರಿಕೆ ಹುಡುಕುವಾಗ ಮೊದಲು ನೋಡಬೇಕಾದ ಜಾಗ ಅದೇ.

ಗಾಳಿ ಕೊಡುವುದು 12 ವೋಲ್ಟ್ ಮೋಟರ್‌ನಿಂದ ಓಡುವ ಸಣ್ಣ ಪಿಸ್ಟನ್ ಕಂಪ್ರೆಸರ್. ಅದಕ್ಕೆ ಎಣ್ಣೆ ಇರುವುದಿಲ್ಲ, ಒಣ ರಿಂಗ್ ಮೇಲೆಯೇ ಓಡುತ್ತದೆ. ಅದಕ್ಕೆ ಅಂಟಿಕೊಂಡೇ ತೇವ ಹೀರುವ ಹರಳು ತುಂಬಿದ ಡ್ರೈಯರ್ ಮತ್ತು ಗಾಳಿ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಇರುತ್ತವೆ. ಅಲ್ಲಿಂದ ಗಾಳಿ ವಾಲ್ವ್ ಬ್ಲಾಕ್‌ಗೆ ಹೋಗುತ್ತದೆ. ಪ್ರತಿ ಚಕ್ರಕ್ಕೊಂದು, ಟ್ಯಾಂಕ್‌ಗೊಂದು ಕರೆಂಟಿನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್, ಜೊತೆಗೆ ಒತ್ತಡ ಅಳೆಯುವ ಸೆನ್ಸರ್, ಎಲ್ಲ ಆ ಬ್ಲಾಕ್‌ನಲ್ಲೇ. ಅಲ್ಲಿಂದ ಚಕ್ರಗಳಿಗೆ ಪೆನ್ಸಿಲ್‌ಗಿಂತ ಸಣ್ಣ ಪ್ಲಾಸ್ಟಿಕ್ ಪೈಪು. ಚಕ್ರವನ್ನು ಹಿಡಿದಿರುವ ಆರ್ಮ್‌ಗೂ ಬಾಡಿಗೂ ನಡುವೆ ಎತ್ತರ ಅಳೆಯುವ ಸೆನ್ಸರ್. ಇಷ್ಟನ್ನೂ ನಡೆಸಲು ಒಂದು ಕಂಟ್ರೋಲ್ ಯೂನಿಟ್, ಒಂದು ರಿಲೇ, ಒಂದು ದಪ್ಪ ಫ್ಯೂಸ್.

ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೂ ಗಾಳಿ ಇರುವುದಿಲ್ಲ. ಬಿಎಂಡಬ್ಲ್ಯು ಎಕ್ಸ್5ರ ಹಳೆಯ ಮಾದರಿಗಳಲ್ಲಿ ಹಿಂದಿನ ಎರಡಕ್ಕೆ ಮಾತ್ರ ಇರುವ ಕಾರುಗಳು ಸಿಗುತ್ತವೆ.

ಬಟನ್ ಒತ್ತಿದಾಗ ಕಾರು ಏಳುತ್ತದೆ. ಅಷ್ಟರಲ್ಲಿ ಒಳಗೆ ಏನಾಗುತ್ತದೆ?

ಟ್ಯಾಂಕ್‌ನಲ್ಲಿ ಸಾಕಷ್ಟು ಒತ್ತಡ ಇದ್ದರೆ ಕಂಪ್ರೆಸರ್ ಓಡುವುದೇ ಇಲ್ಲ. ಟ್ಯಾಂಕ್ ವಾಲ್ವ್ ಮತ್ತು ಆಯಾ ಚಕ್ರದ ವಾಲ್ವ್ ತೆರೆದುಕೊಂಡು ಕೂಡಿಟ್ಟ ಗಾಳಿ ಚೀಲಕ್ಕೆ ನುಗ್ಗುತ್ತದೆ. ಸಾಲದಿದ್ದರೆ ಕಂಪ್ರೆಸರ್ ಸೇರಿಕೊಳ್ಳುತ್ತದೆ. ಸೆನ್ಸರ್ ಹೇಳಬೇಕಾದ ಎತ್ತರ ಹೇಳಿದ ಕೂಡಲೇ ವಾಲ್ವ್ ಮುಚ್ಚುತ್ತದೆ. ಆಮೇಲೆ ಚೀಲದಲ್ಲಿರುವ ಗಾಳಿ ಅಲ್ಲೇ ಬಂದಿ, ಕಂಪ್ರೆಸರ್‌ಗೆ ಕೆಲಸವಿಲ್ಲ. ಏರ್ ಸಸ್ಪೆನ್ಷನ್ ಇರುವ ಕಾರಿನಲ್ಲಿ ಕಂಪ್ರೆಸರ್ ಸದಾ ಓಡುತ್ತಿರುತ್ತದೆ ಎಂದುಕೊಂಡವರು ಬಹಳ ಮಂದಿ. ಸದಾ ಓಡುತ್ತಿದ್ದರೆ ಅದು ರೋಗದ ಲಕ್ಷಣ.

ಓಡುವಾಗ ಪ್ರತಿ ಗುಂಡಿಗೂ ಪ್ರತಿ ಹಂಪಿಗೂ ಕಂಟ್ರೋಲ್ ಯೂನಿಟ್ ಬೆಚ್ಚಿಬೀಳುವುದಿಲ್ಲ. ಕೆಲವು ಸೆಕೆಂಡುಗಳ ಸರಾಸರಿ ಎತ್ತರ ನೋಡಿಯೇ ತಿದ್ದುತ್ತದೆ. ಹತ್ತಿ ಇಳಿಯಲು ಕಾರನ್ನು 40–50 ಮಿ.ಮೀ. ತಗ್ಗಿಸುವುದು, ಹೈವೇಯಲ್ಲಿ ವೇಗ ಹೆಚ್ಚಾದಾಗ 10–20 ಮಿ.ಮೀ. ತಾನಾಗಿಯೇ ಇಳಿಯುವುದು, ಕೆಟ್ಟ ರಸ್ತೆಗೆ 40ರಿಂದ 75 ಮಿ.ಮೀ. ಎತ್ತುವುದು ಸಾಮಾನ್ಯವಾಗಿ ಕಾಣುವ ಲೆಕ್ಕ. ಕಾರು ಏಳುತ್ತಲೂ ಇಲ್ಲ ಇಳಿಯುತ್ತಲೂ ಇಲ್ಲ ಎಂದು ಗಾಬರಿಪಡುವ ಮೊದಲು ಯಾವುದಾದರೂ ಬಾಗಿಲು ತೆರೆದಿದೆಯೇ ನೋಡಿ. ಬಾಗಿಲು ತೆರೆದಿದ್ದರೆ ಎಷ್ಟೋ ಕಾರುಗಳು ಎತ್ತರ ಬದಲಿಸುವುದನ್ನು ತಡೆಯುತ್ತವೆ.

ಡ್ರೈಯರ್ ಯಾಕೆ ಬೇಕು? ಅದು ಕೆಡುವುದು ಹೇಗೆ?

ಮಂಗಳೂರಿನ ಜುಲೈ ಗಾಳಿಯನ್ನು ಹತ್ತು ಪಟ್ಟು ಒತ್ತಿದರೆ ಅದರಲ್ಲಿರುವ ತೇವ ನೀರಾಗಿ ಇಳಿಯುತ್ತದೆ. ಆ ನೀರು ವಾಲ್ವ್ ಬ್ಲಾಕ್‌ಗೆ ಹೋದರೆ ಸೊಲೆನಾಯ್ಡ್ ಸೀಟು ತುಕ್ಕು ಹಿಡಿದು ಸರಿಯಾಗಿ ಮುಚ್ಚುವುದಿಲ್ಲ. ಕೆನಡಾ, ನಾರ್ವೆ ತರಹದ ಕಡೆ ಇರುವ ಕನ್ನಡಿಗರ ಕಾರಿನಲ್ಲಿ ಅದೇ ನೀರು ಹೆಪ್ಪುಗಟ್ಟಿ, ಬೆಳಿಗ್ಗೆ ಕಾರು ಏಳದೆ ಮಧ್ಯಾಹ್ನ ತಾನಾಗಿಯೇ ಸರಿಯಾಗುತ್ತದೆ. ಹಾಗೆ ಬಂದು ಹೋಗುವ ದೋಷ ಕಂಡರೆ ಡ್ರೈಯರ್ ತೇವಗೊಂಡಿದೆ ಎಂದು ಅನುಮಾನಿಸಬೇಕು.

ಡ್ರೈಯರ್ ತನ್ನನ್ನು ತಾನೇ ಒಣಗಿಸಿಕೊಳ್ಳುವ ಏರ್ಪಾಡು ಬಹಳ ಚೆನ್ನಾಗಿದೆ. ಗಾಳಿ ತುಂಬುವಾಗ ಹರಳು ತೇವ ಹೀರಿಕೊಳ್ಳುತ್ತದೆ. ಕಾರು ಇಳಿಯುವಾಗ ಚೀಲದ ಒಣ ಗಾಳಿ ಅದೇ ಡ್ರೈಯರ್ ಮೂಲಕ ಹಿಂದಕ್ಕೆ ಹಾದು, ಹರಳಿನ ತೇವವನ್ನು ಹೊತ್ತುಕೊಂಡು ಎಕ್ಸಾಸ್ಟ್‌ನಿಂದ ಹೊರಹೋಗುತ್ತದೆ. ಬಂದ ದಾರಿಯಲ್ಲೇ ಗಾಳಿ ವಾಪಸ್ ಹೋಗುವ ತನಕ ಡ್ರೈಯರ್ ವರ್ಷಗಟ್ಟಲೆ ಬಾಳುತ್ತದೆ.

ಈಗ ಒಂದು ಚೀಲದಲ್ಲಿ ಸೂಜಿಮೊನೆಯಷ್ಟು ತೂತಾಯಿತು ಎನ್ನಿ. ಗಾಳಿ ಆ ತೂತಿನಿಂದಲೇ ಹೊರಹೋಗುತ್ತದೆ, ಡ್ರೈಯರ್ ಮೂಲಕ ವಾಪಸ್ ಬರುವುದೇ ಇಲ್ಲ. ಕಂಪ್ರೆಸರ್ ಮಾತ್ರ ಹೊಸ ಹೊಸ ತೇವದ ಗಾಳಿ ಎಳೆದು ತುಂಬುತ್ತಲೇ ಇರುತ್ತದೆ. ಹರಳಿಗೆ ಒಣಗುವ ಅವಕಾಶವೇ ಇಲ್ಲ. ಕೊನೆಗೆ ಅದು ಪುಡಿಯಾಗಿ ಆ ಪುಡಿಯೂ ವಾಲ್ವ್ ಬ್ಲಾಕ್ ಸೇರುತ್ತದೆ. ಸಣ್ಣ ಸೋರಿಕೆಯನ್ನು ಆರು ತಿಂಗಳು ಕಡೆಗಣಿಸಿದವರ ಕಾರಿನಲ್ಲಿ ಕಂಪ್ರೆಸರ್ ಜೊತೆಗೆ ವಾಲ್ವ್ ಬ್ಲಾಕ್ ಕೂಡ ಹೋಗುವುದು ಹೀಗೆ.

ಬೆಳಿಗ್ಗೆ ಕಾರು ಕುಸಿದಿರುತ್ತದೆ, ಸ್ಟಾರ್ಟ್ ಮಾಡಿದರೆ ಏಳುತ್ತದೆ. ಸೋರಿಕೆ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

ಮೊದಲು ಟೇಪ್ ಹಿಡಿಯಿರಿ, ಸ್ಪ್ಯಾನರ್ ಆಮೇಲೆ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ. ಚಕ್ರದ ನಟ್ಟನಡುವಿನಿಂದ ಮೇಲೆ ಫೆಂಡರ್ ಅಂಚಿನವರೆಗೆ ನಾಲ್ಕೂ ಮೂಲೆ ಅಳೆದು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ.

ಇಲ್ಲಿ ಒಂದು ಮೋಸ ಇದೆ. ಕೆಲವು ಕಾರುಗಳು, ಲ್ಯಾಂಡ್ ರೋವರ್ ಡಿಸ್ಕವರಿ 3 ಅದಕ್ಕೆ ಉದಾಹರಣೆ, ನಿಲ್ಲಿಸಿದ ಮೇಲೂ ನಡುನಡುವೆ ಎಚ್ಚೆತ್ತು, ಯಾವ ಮೂಲೆ ತಗ್ಗಿದೆಯೋ ಅದಕ್ಕೆ ಸರಿಹೊಂದುವಂತೆ ಉಳಿದ ಮೂಲೆಗಳನ್ನೂ ಇಳಿಸುತ್ತವೆ. ಬೆಳಿಗ್ಗೆ ನೋಡಿದರೆ ನಾಲ್ಕೂ ಸಮನಾಗಿ ಕುಸಿದಿರುತ್ತವೆ, ತಪ್ಪು ಮಾಡಿದ್ದು ಯಾವುದು ಎಂದು ತಿಳಿಯುವುದೇ ಇಲ್ಲ. ಆದ್ದರಿಂದ ಎಂಜಿನ್ ಆಫ್ ಮಾಡಿ, ಲಾಕ್ ಮಾಡಿ, ಕಾರು ಪೂರ್ತಿ ನಿದ್ದೆಗೆ ಹೋದ ಮೇಲೆ ಸಸ್ಪೆನ್ಷನ್ ಫ್ಯೂಸ್ ತೆಗೆದಿಡಿ. ಹನ್ನೆರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ಈಗ ಬಿದ್ದ ಮೂಲೆಯೇ ನಿಜವಾಗಿ ಸೋರುವ ಮೂಲೆ.

ಒಂದೇ ಮೂಲೆ ಬಿದ್ದಿದ್ದರೆ ಅನುಮಾನ ನಾಲ್ಕರ ಮೇಲೆ: ಆ ಚೀಲ, ಅದರ ತಲೆಯ ಫಿಟ್ಟಿಂಗ್, ಪೈಪು, ವಾಲ್ವ್ ಬ್ಲಾಕ್‌ನಲ್ಲಿ ಆ ಚಕ್ರದ ವಾಲ್ವ್. ಒಂದು ಲೀಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಮೂರು ಚಮಚ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಚೀಲದಲ್ಲಿ ಗಾಳಿ ಇರುವಾಗಲೇ ಮಡಿಕೆಯ ಸುತ್ತ ನೆನೆಸಿ ಐದು ಹತ್ತು ನಿಮಿಷ ಕಾಯಿರಿ. ದೊಡ್ಡ ಸೋರಿಕೆ ತಕ್ಷಣ ಬುರುಗು ಕಕ್ಕುತ್ತದೆ. ಸಣ್ಣದಾದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೊಂದಾಗಿ ಕೂಡಿಕೊಂಡು ಬಿಳಿ ಮಚ್ಚೆಯಾಗುತ್ತವೆ. ಧೂಳಿನ ಕವಚ ಇದ್ದರೆ ಅದನ್ನು ಸರಿಸದೆ ಏನೂ ಕಾಣದು. ಸಾಮಾನ್ಯ ಎತ್ತರದಲ್ಲಿ ಒಮ್ಮೆ, ಅತಿ ಎತ್ತರದಲ್ಲಿ ಒಮ್ಮೆ ಮಾಡಿ. ಎತ್ತರ ಬದಲಾದರೆ ಮಡಿಕೆಯ ಜಾಗವೂ ಬದಲಾಗುತ್ತದೆ, ಒಂದು ಎತ್ತರದಲ್ಲಿ ಮುಚ್ಚಿಕೊಂಡ ಬಿರುಕು ಇನ್ನೊಂದರಲ್ಲಿ ಬಾಯಿ ಬಿಡುತ್ತದೆ.

ಚೀಲ, ಫಿಟ್ಟಿಂಗ್ ಎರಡರಲ್ಲೂ ಗುಳ್ಳೆ ಬರದಿದ್ದರೆ ಪೈಪಿನುದ್ದಕ್ಕೂ ಬನ್ನಿ. ಬಾಡಿಗೆ ಉಜ್ಜುವ ಕಡೆ, ಇಲಿ ಕಡಿಯುವ ಕಡೆ ವಿಶೇಷವಾಗಿ ನೋಡಿ. ಕೊನೆಗೆ ವಾಲ್ವ್ ಬ್ಲಾಕ್. ಒಳಗೆ ಸೋರುವ ವಾಲ್ವ್ ಹೊರಗಡೆ ಗುಳ್ಳೆ ತೋರಿಸುವುದಿಲ್ಲ. ಕಂಪ್ರೆಸರ್‌ನ ಎಕ್ಸಾಸ್ಟ್ ಪೈಪಿನ ತುದಿ ಕೈಗೆ ಸಿಗುವಂತಿದ್ದರೆ, ಕಂಪ್ರೆಸರ್ ನಿಂತಿರುವಾಗ ಅದನ್ನು ಒಂದು ಲೋಟ ನೀರಿನಲ್ಲಿ ಅದ್ದಿ ಹಿಡಿಯಿರಿ. ಯಾರೂ ಏನೂ ಮುಟ್ಟದೆ ಗುಳ್ಳೆ ಬರುತ್ತಿದ್ದರೆ ಚಕ್ರದ ವಾಲ್ವ್ ಮತ್ತು ಎಕ್ಸಾಸ್ಟ್ ವಾಲ್ವ್ ಎರಡೂ ಸರಿಯಾಗಿ ಮುಚ್ಚುತ್ತಿಲ್ಲ. ಪರೀಕ್ಷೆ ಮುಗಿದ ಕೂಡಲೇ ತುದಿ ಹೊರತೆಗೆಯಿರಿ, ನೀರು ಒಳಕ್ಕೆ ಎಳೆದುಕೊಳ್ಳಬಾರದು.

ಈ ಕೆಲಸಕ್ಕೆ ಕಾರಿನಡಿ ಹೋಗುವುದಿದ್ದರೆ ಸ್ಟ್ಯಾಂಡ್ ಕೊಟ್ಟೇ ಹೋಗಿ. ಬರೀ ಗಾಳಿಯ ಮೇಲೆ ನಿಂತ ಕಾರಿನಡಿ ತಲೆ ಹಾಕಲೇಬಾರದು. ವಾಲ್ವ್ ತೆರೆದುಕೊಂಡರೆ ಕಾರು ಸೆಕೆಂಡುಗಳಲ್ಲಿ ಕೆಳಗೆ ಬರುತ್ತದೆ.

ಚಳಿಗಾಲದ ಬೆಳಿಗ್ಗೆ ನಾಲ್ಕೂ ಕಡೆ ಒಂದು ಸೆಂ.ಮೀ. ಇಳಿದಿರುತ್ತದೆ. ಸೋರಿಕೆಯೇ?

ಅಲ್ಲದಿರುವ ಸಾಧ್ಯತೆಯೇ ಹೆಚ್ಚು. ಸಂಜೆ 30 ಡಿಗ್ರಿ ಇದ್ದ ಗಾಳಿ ಬೆಳಿಗ್ಗೆ 18 ಡಿಗ್ರಿಗೆ ತಣಿದರೆ ಅದರ ಗಾತ್ರ ಶೇ. 4ರಷ್ಟು ಕುಗ್ಗುತ್ತದೆ. ಮೇಲೆ ಹೇಳಿದ 2 ಲೀಟರ್ ಚೀಲದಲ್ಲಿ ಅದು 80 ಮಿ.ಲೀ., ಎತ್ತರದಲ್ಲಿ 12 ಮಿ.ಮೀ. ಆಸುಪಾಸು. ನಾಲ್ಕೂ ಮೂಲೆ ಸಮನಾಗಿ ಇಷ್ಟು ಇಳಿದು, ಸ್ಟಾರ್ಟ್ ಮಾಡಿದ ಕೂಡಲೇ ಸರಿಹೋದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಮೂಲೆ 30 ಮಿ.ಮೀ. ಇಳಿದಿದ್ದರೆ ಅದಕ್ಕೆ ಚಳಿ ಕಾರಣವಲ್ಲ.

ಕಂಪ್ರೆಸರ್ ಸುಟ್ಟಿತ್ತು, ಹೊಸದು ಹಾಕಿಸಿದೆವು, ವರ್ಷದೊಳಗೆ ಅದೂ ಸುಟ್ಟಿತು. ಯಾಕೆ?

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗಿದೆ. ಮೊದಲ ಕಂಪ್ರೆಸರ್ ಸಾಯಲು ಕಾರಣವಾದ ಸೋರಿಕೆ ಹಾಗೇ ಉಳಿದಿದೆ.

ಈ ಕಂಪ್ರೆಸರ್‌ಗಳು ಟೈರ್ ಅಂಗಡಿಯ ಕಂಪ್ರೆಸರ್ ತರಹ ಗಂಟೆಗಟ್ಟಲೆ ಓಡುವಂತೆ ಮಾಡಿದವಲ್ಲ. ಕೆಲವೇ ನಿಮಿಷ ಓಡಿ ತಣಿಯಬೇಕು. ಬಿಸಿ ಮಿತಿ ಮೀರಿದರೆ ಕಂಟ್ರೋಲ್ ಯೂನಿಟ್ ಅದನ್ನು ನಿಲ್ಲಿಸುತ್ತದೆ, ತಣಿದ ಮೇಲೆ ಮತ್ತೆ ಬಿಡುತ್ತದೆ. ಸೋರಿಕೆ ಇದ್ದರೆ ದಿನವಿಡೀ ಬಿಸಿಯಾಗುವುದು, ತಣಿಯುವುದು, ಮತ್ತೆ ಬಿಸಿಯಾಗುವುದು. ಒಣ ರಿಂಗ್ ಸವೆಯುತ್ತದೆ, ಒತ್ತಡ ಏರಲು ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ, ಇನ್ನೂ ಬಿಸಿಯಾಗುತ್ತದೆ.

ಜೊತೆಗೆ ರಿಲೇ. ಪ್ರತಿ ಸಲ ಹತ್ತಾರು ಆಂಪಿಯರ್ ಕರೆಂಟ್ ಹರಿದು ಅದರ ಕಾಂಟ್ಯಾಕ್ಟ್ ಸುಡುತ್ತಾ ಬಂದು ಒಂದು ದಿನ ಅಂಟಿಕೊಂಡುಬಿಡುತ್ತದೆ. ಆಗ ಕೀ ತೆಗೆದರೂ ಕಂಪ್ರೆಸರ್ ನಿಲ್ಲುವುದಿಲ್ಲ. ಕಾರು ಲಾಕ್ ಆದ ಮೇಲೂ ಗುರ್ ಎನ್ನುವ ಸದ್ದು ನಿಲ್ಲದಿದ್ದರೆ ತಕ್ಷಣ ರಿಲೇ ಅಥವಾ ಫ್ಯೂಸ್ ಕೀಳಿ. ಬಿಟ್ಟರೆ ಬ್ಯಾಟರಿ ಖಾಲಿಯಾಗುತ್ತದೆ, ಕಂಪ್ರೆಸರ್ ಸುಡುತ್ತದೆ.

ಸರಿಯಾದ ಕ್ರಮ: ಮೊದಲು ಸೋರಿಕೆ ಮುಚ್ಚಿ. ಆಮೇಲೆ ಕಂಪ್ರೆಸರ್ ಒತ್ತಡ ಏರಿಸುತ್ತಿದೆಯೇ ಎಂದು ಗೇಜ್‌ನಿಂದ ಅಥವಾ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್‌ನಿಂದ ನೋಡಿ. ಬದಲಿಸಲೇಬೇಕಾದರೆ ರಿಲೇ, ಡ್ರೈಯರ್, ಗಾಳಿ ಎಳೆಯುವ ಫಿಲ್ಟರ್ ಒಟ್ಟಿಗೇ ಹೊಸದು ಹಾಕಿಸಿ. ಫ್ಯೂಸ್ ಹಾರುತ್ತಿದೆ ಎಂದು ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕಿಸುವುದಂತೂ ಬೇಡವೇ ಬೇಡ, ವೈರಿಂಗ್ ಸುಡುತ್ತದೆ.

ಸೋರಿಕೆ ಇಲ್ಲ, ಕಂಪ್ರೆಸರ್ ಚೆನ್ನಾಗಿದೆ. ಆದರೂ ಒಂದು ಮೂಲೆ ಎತ್ತರವಾಗಿ ನಿಲ್ಲುತ್ತದೆ.

ಎತ್ತರದ ಸೆನ್ಸರ್ ನೋಡಿ. ಅದರ ಸಣ್ಣ ಕಡ್ಡಿಯ ತುದಿಯ ಗುಂಡು ಕಳಚಿರಬಹುದು, ಬಾಗಿರಬಹುದು, ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿದಿರಬಹುದು. ಸ್ಕ್ಯಾನರ್‌ನಲ್ಲಿ ನಾಲ್ಕೂ ಸೆನ್ಸರ್‌ಗಳ ಲೈವ್ ಓದು ನೋಡುತ್ತಾ ಕಾರನ್ನು ಏರಿಸಿ ಇಳಿಸಿದರೆ, ಒಂದರ ಅಂಕಿ ಹಠಾತ್ತನೆ ಜಿಗಿಯುವುದು ಕಾಣುತ್ತದೆ. ಸೆನ್ಸರ್ ಬದಲಿಸಿದ ಮೇಲೆ ಎತ್ತರದ ಕ್ಯಾಲಿಬ್ರೇಷನ್ ಕಡ್ಡಾಯ. ವೀಲ್ ಅಲೈನ್‌ಮೆಂಟ್ ಅದಾದ ಮೇಲೆ. ಎತ್ತರ ತಪ್ಪಿದ್ದಾಗ ಮಾಡಿದ ಅಲೈನ್‌ಮೆಂಟ್ ಟೈರಿನ ಒಳ ಅಂಚನ್ನು ತಿಂದುಹಾಕುತ್ತದೆ.

ದಾರಿಯಲ್ಲಿ ಸಸ್ಪೆನ್ಷನ್ ದೀಪ ಹತ್ತಿದರೆ ಓಡಿಸಬಹುದೇ?

ಹಳದಿ ದೀಪ, ಕಾರಿನ ಎತ್ತರ ಸರಿಯಿದೆ ಎಂದಾದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಕೆಂಪು ಎಚ್ಚರಿಕೆ ಬಂದರೆ, ಅಥವಾ ಟೈರಿನ ಮೇಲೆ ಫೆಂಡರ್ ಕೂತಿದ್ದರೆ ನಿಲ್ಲಿಸಿ. ಆಗ ಭಾರ ಪೂರ್ತಿ ರಬ್ಬರ್ ಬಂಪ್ ಸ್ಟಾಪ್ ಮೇಲೆ ಇರುತ್ತದೆ. ಖಾಲಿ ಚೀಲ ಪಿಸ್ಟನ್ ನಡುವೆ ನುಲಿದು ಹರಿಯುತ್ತದೆ, ಟೈರು ಒಳ ಲೈನರ್ ಉಜ್ಜುತ್ತದೆ. ಟೋ ಮಾಡಿಸುವುದಾದರೆ ಫ್ಲ್ಯಾಟ್‌ಬೆಡ್‌ನಲ್ಲೇ ಮಾಡಿಸಿ, ಪಟ್ಟಿಯನ್ನು ಬಾಡಿಗೆ ಕಟ್ಟದೆ ಚಕ್ರಗಳಿಗೆ ಕಟ್ಟಿಸಿ. ಬಾಡಿಗೆ ಕಟ್ಟಿದ ಪಟ್ಟಿ ದಾರಿಯಲ್ಲಿ ಗಾಳಿ ಇಳಿದ ಹಾಗೆ ಸಡಿಲವಾಗುತ್ತದೆ.

ಪಂಕ್ಚರ್ ಆದಾಗ ಜಾಕ್ ಹಾಕುವ ಮೊದಲು ಏನಾದರೂ ಮಾಡಬೇಕೇ?

ಜಾಕ್ ಮೋಡ್ ಆನ್ ಮಾಡಬೇಕು. ಕಾರಿನ ಮೆನುವಿನಲ್ಲಿ ಇರುತ್ತದೆ. ಮಾಡದಿದ್ದರೆ ಜಾಕ್ ಎತ್ತಿದ ಮೂಲೆ ಎತ್ತರವಾಯಿತೆಂದು ಕಂಟ್ರೋಲ್ ಯೂನಿಟ್ ಆ ಚೀಲದ ಗಾಳಿ ಬಿಡಲು ಹೊರಡುತ್ತದೆ. ಆಮೇಲೆ ಖಾಲಿ ಚೀಲದ ಮೇಲೆ ಕಾರು ಇಳಿಸಿದರೆ ಮಡಿಕೆ ಅಡ್ಡಾದಿಡ್ಡಿಯಾಗಿ ಸಿಕ್ಕಿಕೊಂಡು ಸೀಳುತ್ತದೆ. ಪಂಕ್ಚರ್ ಅಂಗಡಿಯ ಹುಡುಗನಿಗೆ ಇದು ಗೊತ್ತಿರಲೇಬೇಕೆಂದಿಲ್ಲ, ನೀವೇ ನೋಡಿಕೊಳ್ಳಿ.

ಚೀಲ ಬದಲಿಸುವಾಗ ಮೆಕ್ಯಾನಿಕ್ ಯಾವುದರಲ್ಲಿ ಎಡವುತ್ತಾರೆ?

ಮುಖ್ಯವಾಗಿ ಮೂರು ಕಡೆ. ಮೊದಲನೆಯದು ಗಾಳಿ. ಬಿಚ್ಚುವ ಮೊದಲು ಆ ಮೂಲೆಯ ಗಾಳಿಯನ್ನು ಸ್ಕ್ಯಾನರ್‌ನಿಂದ ಇಳಿಸಬೇಕು. ಅದಾಗದಿದ್ದರೆ ಕನ್ನಡಕ ಹಾಕಿಕೊಂಡು ಫಿಟ್ಟಿಂಗ್ ಅನ್ನು ಬಹಳ ನಿಧಾನವಾಗಿ ಸಡಿಲಿಸಬೇಕು. ಹೊಸದು ಹಾಕಿದ ಮೇಲೆ ಕಾರನ್ನು ಲಿಫ್ಟ್ ಮೇಲೆಯೇ ಇಟ್ಟು ಚೀಲಕ್ಕೆ ಗಾಳಿ ತುಂಬಿ, ಮಡಿಕೆ ಸರಿಯಾಗಿ ಕೂತಿದೆಯೆಂದು ಕಣ್ಣಾರೆ ನೋಡಿ, ಆಮೇಲೆ ಚಕ್ರ ನೆಲಕ್ಕೆ ಮುಟ್ಟಿಸಬೇಕು. ಹೊಸ ಚೀಲ ಮೊದಲ ದಿನವೇ ಸೀಳುವುದು ಈ ಕ್ರಮ ತಪ್ಪಿದಾಗ.

ಎರಡನೆಯದು ಪೈಪು. ಕಟಿಂಗ್ ಪ್ಲೇಯರ್‌ನಿಂದ ಓರೆಯಾಗಿ ಕತ್ತರಿಸಿದ ಪೈಪು ಸೋರಿಯೇ ಸೋರುತ್ತದೆ. ಟ್ಯೂಬ್ ಕಟರ್‌ನಿಂದ ನೇರವಾಗಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಬೇಕು. ಆ ಹಿತ್ತಾಳೆ ಫಿಟ್ಟಿಂಗ್‌ಗೆ ಬೇಕಾದ ಬಿಗಿ ಬಹಳ ಕಡಿಮೆ, ಮ್ಯಾನುಯಲ್‌ನಲ್ಲಿ ಹೇಳಿದಷ್ಟೇ ಇರಲಿ. ಮೂರನೆಯದು ಬುಷ್, ಅಂದರೆ ಆರ್ಮ್‌ನ ಕೀಲಿನಲ್ಲಿರುವ ರಬ್ಬರ್. ಆರ್ಮ್ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿದರೆ ಕಾರು ಇಳಿದ ಮೇಲೆ ಬುಷ್ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಸಾಮಾನ್ಯ ಎತ್ತರದಲ್ಲಿ ಅವನ್ನು ಕೊನೆಯ ಬಿಗಿ ಮಾಡಬೇಕು.

ಒಂದು ಬದಿ ಸೋರಿದರೆ ಎರಡೂ ಬದಿ ಬದಲಿಸಬೇಕೇ?

ಇನ್ನೊಂದರ ಮಡಿಕೆ ನೋಡಿ ನಿರ್ಧರಿಸಿ. ಬೇಸಿಗೆಯ ಕೆರೆಯ ತಳದಂತೆ ನವಿರಾದ ಬಿರುಕು ಕಂಡರೆ ಅದರ ದಿನವೂ ಹತ್ತಿರ, ಒಟ್ಟಿಗೆ ಬದಲಿಸಿದರೆ ಕೂಲಿ ಉಳಿಯುತ್ತದೆ. ಒಳಗಿನ ದಾರ ಕಂಡರಂತೂ ಕಾಯುವ ಮಾತೇ ಇಲ್ಲ. ನುಣುಪಾಗಿದ್ದರೆ ಬಿಡಿ. ಆದರೆ ಶಾಕ್ ಅಬ್ಸಾರ್ಬರ್ ಸಮೇತ ಸ್ಟ್ರಟ್ ಆಗಿದ್ದು ಲಕ್ಷ ಕಿ.ಮೀ. ದಾಟಿದ್ದರೆ ಜೋಡಿಯಾಗಿ ಬದಲಿಸುವುದೇ ಒಳ್ಳೆಯದು.

ನಮ್ಮ ರಸ್ತೆ, ಮಳೆ, ಧೂಳಿಗೆ ಇದು ಬಾಳುತ್ತದೆಯೇ?

ಬಾಳುತ್ತದೆ, ಸ್ವಲ್ಪ ಆರೈಕೆ ಬೇಕು. ರಬ್ಬರ್‌ನ ದೊಡ್ಡ ಶತ್ರು ಮಡಿಕೆಯಲ್ಲಿ ಕೂತ ಮರಳು, ಕೆಮ್ಮಣ್ಣು. ಪ್ರತಿ ಉರುಳಿಗೂ ಅದು ಸ್ಯಾಂಡ್‌ಪೇಪರ್ ತರಹ ಉಜ್ಜುತ್ತದೆ. ಕೆಸರಲ್ಲೋ ಸಮುದ್ರದ ದಂಡೆಯಲ್ಲೋ ಓಡಿಸಿ ಬಂದ ಮೇಲೆ ಕಾರನ್ನು ಅತಿ ಎತ್ತರಕ್ಕೆ ಏರಿಸಿ, ಚಕ್ರದ ಸಂದಿನಿಂದ ತೋಟದ ಪೈಪಿನ ಸಾದಾ ನೀರು ಬಿಡಿ. ಜೋರು ಒತ್ತಡದ ವಾಷರ್ ಅನ್ನು ಹತ್ತಿರದಿಂದ ಹಿಡಿಯಬೇಡಿ. ಡೀಸೆಲ್, ಗ್ರೀಸ್, ಟೈರ್ ಪಾಲಿಶ್ ಯಾವುದೂ ಚೀಲಕ್ಕೆ ತಾಗಬಾರದು. ಎತ್ತರದ ಹಂಪಿಗೆ ಮೊದಲೇ ಕಾರು ಎತ್ತಿ, ದಾಟಿದ ಮೇಲೆ ಇಳಿಸಿ. ಸದಾ ಅತಿ ಎತ್ತರದಲ್ಲೇ ಓಡಿಸಿದರೆ ಡ್ರೈವ್‌ಶಾಫ್ಟ್ ಜಾಯಿಂಟ್‌ಗಳಿಗೆ ಹಿಂಸೆ.

ಗಾಳಿ ತೆಗೆದು ಉಕ್ಕಿನ ಸ್ಪ್ರಿಂಗ್ ಹಾಕಿಸಿದರೆ ತಲೆನೋವು ತಪ್ಪುವುದಿಲ್ಲವೇ?

ಒಂದು ತಲೆನೋವು ತಪ್ಪಿ ಬೇರೆಯವು ಬರುತ್ತವೆ. ಎತ್ತರ ಸರಿಪಡಿಸುವ ಗುಣ ಹೋಗುತ್ತದೆ. ಕಂಟ್ರೋಲ್ ಯೂನಿಟ್ ದೋಷ ತೋರಿಸುತ್ತಲೇ ಇರುತ್ತದೆ. ಅದೇ ಸೆನ್ಸರ್ ನೆಚ್ಚಿಕೊಂಡ ಹೆಡ್‌ಲೈಟ್ ಹೊಂದಾಣಿಕೆ ಕೆಡಬಹುದು. ಕಾರಿನ ಮೂಲ ವಿನ್ಯಾಸ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನ ನಿರ್ಬಂಧವೂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಸೋರುವುದು ಒಂದು ಚೀಲ ಮಾತ್ರವಾಗಿದ್ದರೆ ಅದಕ್ಕಾಗಿ ಇಡೀ ವ್ಯವಸ್ಥೆ ಕಿತ್ತುಹಾಕುವುದು ದುಬಾರಿ ಆತುರ.

ಕಂಫರ್ಟ್, ಸ್ಪೋರ್ಟ್ ಅಂತ ಬದಲಿಸಿದಾಗ ಚೀಲದ ಗಾಳಿ ಹೆಚ್ಚಾಗುತ್ತದೆಯೇ?

ಇಲ್ಲ. ಭಾರ ಅಷ್ಟೇ ಇದ್ದರೆ ಒತ್ತಡವೂ ಹೆಚ್ಚುಕಮ್ಮಿ ಅಷ್ಟೇ. ಹೆಚ್ಚಿನ ಕಾರುಗಳಲ್ಲಿ ಬದಲಾಗುವುದು ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆಯ ದಾರಿ. 2016ರ ಪೋರ್ಷೆ ಪನಮೇರದಂಥ ಕೆಲವದರಲ್ಲಿ ಸ್ಪ್ರಿಂಗ್‌ಗೆ ಮೂರು ಗಾಳಿ ಕೋಣೆಗಳಿರುತ್ತವೆ. ಕೋಣೆಯ ವಾಲ್ವ್ ಮುಚ್ಚಿದರೆ ಕೆಲಸ ಮಾಡುವ ಗಾಳಿಯ ಗಾತ್ರ ಕಡಿಮೆಯಾಗಿ ಸ್ಪ್ರಿಂಗ್ ಬಿಗಿಯಾಗುತ್ತದೆ, ತೆರೆದರೆ ಮೆತ್ತಗಾಗುತ್ತದೆ.

ಐರಾವತ ಬಸ್ಸಿನಲ್ಲೂ ಇದೇ ವ್ಯವಸ್ಥೆಯೇ?

ತತ್ವ ಅದೇ, ಏರ್ಪಾಡು ಬೇರೆ. ವೋಲ್ವೊ ಬಸ್ಸಿಗೆ ಬೇರೆ ಎಲೆಕ್ಟ್ರಿಕ್ ಕಂಪ್ರೆಸರ್ ಬೇಕಿಲ್ಲ. ಬ್ರೇಕಿಗೆ ಗಾಳಿ ಕೊಡುವ ಎಂಜಿನ್ ಕಂಪ್ರೆಸರ್‌ನಿಂದಲೇ ಸಸ್ಪೆನ್ಷನ್‌ಗೂ ಗಾಳಿ. ನಡುವೆ ಇರುವ ರಕ್ಷಣಾ ವಾಲ್ವ್ ಬ್ರೇಕಿನ ಗಾಳಿಯನ್ನು ಕಾಯುತ್ತದೆ, ಬೆಲ್ಲೋ ಒಡೆದರೂ ಬ್ರೇಕಿನ ಗಾಳಿ ಅದರ ಜೊತೆ ಹೋಗಬಾರದಲ್ಲ. ಸರಳ ಏರ್ಪಾಡಿನಲ್ಲಿ ಎತ್ತರ ನೋಡಿಕೊಳ್ಳುವುದು ಕಂಪ್ಯೂಟರ್ ಅಲ್ಲ, ಆಕ್ಸಲ್‌ಗೆ ಕಟ್ಟಿದ ಕಡ್ಡಿಯ ಲೆವೆಲಿಂಗ್ ವಾಲ್ವ್. ಬಾಡಿ ತಗ್ಗಿದರೆ ಕಡ್ಡಿ ಮೇಲೇರಿ ಗಾಳಿ ತುಂಬುತ್ತದೆ, ಎತ್ತರವಾದರೆ ಬಿಡುತ್ತದೆ. ಬೆಂಗಳೂರಿನ ಬಿಎಂಟಿಸಿ ತಗ್ಗು ನೆಲದ ವೋಲ್ವೊ ಬಸ್ಸು ಸ್ಟಾಪಿನಲ್ಲಿ ಉಸ್ಸೆಂದು ಎಡಕ್ಕೆ ಬಾಗುವುದೂ ಗಾಳಿಯಿಂದಲೇ. ಬಾಗಿಲ ಬದಿಯ ಬೆಲ್ಲೋ ಗಾಳಿ ಬಿಟ್ಟು ಮೆಟ್ಟಿಲನ್ನು ಹಿರಿಯರಿಗೆ ಎಟುಕುವಷ್ಟು ತಗ್ಗಿಸುತ್ತದೆ.

ಇದು ಹೊಸ ತಂತ್ರಜ್ಞಾನವೇ?

ಅಲ್ಲ. ಅಮೆರಿಕದ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮ್ 1957ರಲ್ಲೇ ಗಾಳಿಯ ಮೇಲೆ ಓಡುತ್ತಿತ್ತು. ಆದರೆ ಸೋರಿಕೆ ಕಾಟಕ್ಕೆ ಎಷ್ಟೋ ಮಾಲೀಕರು ಉಕ್ಕಿನ ಸ್ಪ್ರಿಂಗ್ ಹಾಕಿಸಿಕೊಂಡರು. ಎಲೆಕ್ಟ್ರಾನಿಕ್ ನಿಯಂತ್ರಣ 1984ರ ಮಾದರಿಯ ಲಿಂಕನ್ ಮಾರ್ಕ್ 7ರಲ್ಲಿ ಬಂತು. 1998ರಲ್ಲಿ ಬಂದ ಮರ್ಸಿಡಿಸ್ ಎಸ್ ಕ್ಲಾಸ್‌ನ ಏರ್‌ಮ್ಯಾಟಿಕ್ ನಂತರ ಇದು ದುಬಾರಿ ಕಾರುಗಳಲ್ಲಿ ಮಾಮೂಲಾಯಿತು.

ಏರ್ ಸಸ್ಪೆನ್ಷನ್ ಇರುವ ಹಳೆ ಕಾರು ಕೊಳ್ಳುವಾಗ ಏನು ನೋಡಬೇಕು?

ಹಿಂದಿನ ರಾತ್ರಿಯಿಂದ ಕಾರು ಮುಟ್ಟಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಕಾರು ಎಬ್ಬಿಸಿದ್ದಾರೆ, ಇನ್ನೊಂದು ದಿನ ಬನ್ನಿ. ತಣ್ಣಗಿದ್ದರೆ ನಾಲ್ಕೂ ಮೂಲೆ ಅಳೆಯಿರಿ. ಒಂದೇ ಆಕ್ಸಲ್‌ನ ಎಡ ಬಲಕ್ಕೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕಾರಣ ಕೇಳಿ. ಸ್ಟಾರ್ಟ್ ಮಾಡಿ, ಎಲ್ಲ ಎತ್ತರಗಳಿಗೂ ಏರಿಸಿ ಇಳಿಸಿ, ಕಂಪ್ರೆಸರ್ ಎಷ್ಟು ಹೊತ್ತು ಓಡುತ್ತದೆ ಎಂದು ಗಡಿಯಾರ ನೋಡಿ. ಸ್ಕ್ಯಾನರ್ ಹಾಕಿಸಿ ಹಳೆ ದೋಷಗಳನ್ನು ಓದಿಸಿ. ಕಂಪ್ರೆಸರ್ ಬದಲಿಸಿದ ಬಿಲ್ಲು ತೋರಿಸಿದರೆ, ಅದರ ಜೊತೆ ಚೀಲ ಬದಲಿಸಿದ ಬಿಲ್ಲು ಇದೆಯೇ ಕೇಳಿ. ಕೊನೆಗೆ ಕಾರನ್ನು ಅತಿ ಎತ್ತರಕ್ಕೆ ಏರಿಸಿ, ಆಫ್ ಮಾಡಿ, ಲಾಕ್ ಮಾಡಿಸಿ, ಕಾಗದಪತ್ರ ನೋಡುತ್ತಾ ಒಂದು ಗಂಟೆ ಕಳೆಯಿರಿ. ಆಮೇಲೆ ಮತ್ತೆ ಟೇಪ್ ಹಿಡಿದು ನಾಲ್ಕೂ ಮೂಲೆ ಅಳೆದು, ಅದಾದ ಮೇಲೆಯೇ ಬೆಲೆಯ ಮಾತಿಗೆ ಕೂರಿ.